ಮೂಗಿಗೆ ಒಗ್ಗುವ ಊರು

ನನ್ನ ಸೈನಸ್‌ಗೆ ಶಿವಮೊಗ್ಗದ ತೇವವೇ ಕಾರಣ, ಒಣ ಊರಿಗೆ ಹೋಗಿ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದ ನಾನು ಹೊಸದುರ್ಗಕ್ಕೆ ವರ್ಗ ಮಾಡಿಸಿಕೊಂಡೆ. ಮೂಗು ಕಟ್ಟುವುದು ನಿಲ್ಲಲಿಲ್ಲ. ಇಲ್ಲಿಯ ಡಾಕ್ಟರು ಒಣ ಗಾಳಿ, ದೂಳೇ ಕಾರಣ ಎಂದರು. ವಾಪಸ್ ಹೋಗುವುದಾದರೆ ಸಂಜೆಯೊಳಗೆ ಹೇಳಿ ಎಂದು ಸಾಹೇಬರು ತಿಳಿಸಿದ್ದ ದಿನ, ಮತ್ತೋಡು ಹಳ್ಳಿಯ ಹೊಲವೊಂದರಲ್ಲಿ ಸೀನುತ್ತಲೇ ಮಣ್ಣು ತೆಗೆಯುತ್ತಿದ್ದೆ. ಗೊಬ್ಬರಕ್ಕೆಂದು ಅದೇ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದ್ದ ಅಜ್ಜ ಹತ್ತಿರ ಬಂದ.

"ಕುರಿ ಹಿಂಗೆ ಸೀನಿದ್ರೆ ನಾವು ಮಂದೆ ಜಾಗ ಬದ್ಲಾಯಿಸ್ತೀವಿ. ಇಲ್ಲಿಗೆ ಬಂದ್ಮೇಲೆ ಒಂದೂ ಸೀನಿಲ್ಲ ನೋಡ್ರಿ."

"ಹಾಗಾದರೆ ನಾನೂ ಊರು ಬದಲಾಯಿಸಲಾ, ಅಜ್ಜ?"

"ಬದ್ಲಾಯಿಸ್ರಿ" ಎಂದವನೇ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ನನಗಿಂತ ಜೋರಾಗಿ ಸೀನಿದ.

"ನಿಮಗೂ ಇದೆಯಾ?"

"ಸಣ್ಣೋನಿದ್ದಾಗಿಂದ ಐತೆ. ಕುರಿ ಹಿಂದೆ ಮಲೆನಾಡಿನ ಅಂಚಿಗೂ ಹೋಗೀನಿ, ಆಂಧ್ರದ ಕಡೀಗೂ ಹೋಗೀನಿ. ಈ ಮೂಗು ಎಲ್ಲಿಗೋದ್ರೂ ನನ್ ಜೊತೇನೇ ಬರ್ತೈತಲ್ಲಪ್ಪ!"

ಸಂಜೆ ಸಾಹೇಬರ ಫೋನ್ ಬಂತು. ಇಲ್ಲೇ ಇರುತ್ತೇನೆ ಎಂದೆ.

"ಹವೆ ಒಗ್ಗಿತೇನ್ರಿ?"

"ಕುರಿಗಳಿಗೆ ಒಗ್ಗಿದೆ ಸರ್" ಎಂದೆ. ನನಗೆ ಖಚಿತವಾಗಿ ಗೊತ್ತಿದ್ದದ್ದು ಅಷ್ಟೇ.