ಜಗುಲಿ ಮುಂದಿನ ಜೋಡು ನಳಿಗೆ ಬಂದೂಕು

ನಾಲ್ಕು ವರ್ಷದ ಹಿಂದೆ, ದಸರೆ ಮುಗಿದ ವಾರ ನಡೆದದ್ದು ಇದು. ಬೆಲ್ಲದ ಬಾಗೇವಾಡಿಯ ನಮ್ಮ ಮನೆಯಲ್ಲಿ ಒಂದು ಹಳೇ ಜೋಡು ನಳಿಗೆ ಬಂದೂಕಿತ್ತು. ಕಬ್ಬಿಗೆ ಬೀಳುವ ಹಂದಿ ಓಡಿಸಲು ಮಾವನವರ ಅಜ್ಜ ತಂದದ್ದಂತೆ. ಮಾವ ತೀರಿಕೊಂಡ ಮೇಲೆ ಅದರ ಲೈಸೆನ್ಸ್ ನಮ್ಮ ಯಜಮಾನರ ಹೆಸರಿಗಾಯಿತು, ಬಂದೂಕು ಮಾತ್ರ ಅತ್ತೆಯ ದೇವರಾಯಿತು. ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಪೆಟ್ಟಿಗೆಯಿಂದ ತೆಗೆದು, ಮೇಲೆ ಮೇಲೆ ಎಣ್ಣೆ ಸವರಿ, ದೇವರ ಜಗುಲಿ ಮುಂದೆ ಮಣೆಯ ಮೇಲೆ ಮಲಗಿಸುತ್ತಿದ್ದೆವು. ಅದರ ಬಾಯಿಗೆ ವಿಭೂತಿ ಬಳಿದು, ಮನೆಮಂದಿಯೆಲ್ಲ ಅಲ್ಲಿಗೇ ಹಣೆ ಹಚ್ಚಿ ನಮಸ್ಕರಿಸುವುದು ನಮ್ಮ ಪದ್ಧತಿ.

ಗೋಕಾಕದ ಸಾವಕಾರರೊಬ್ಬರಿಗೆ ಹಳೇ ಬಂದೂಕು ಸಂಗ್ರಹಿಸುವ ಹುಚ್ಚು. ಯಾರದೋ ಮೊಬೈಲಿನಲ್ಲಿ ನಮ್ಮದರ ಫೋಟೊ ನೋಡಿ ಕೊಳ್ಳಲು ಬಂದೇ ಬಿಟ್ಟರು. ಪರೀಕ್ಷೆ ಮಾಡಲು ಯಮಕನಮರಡಿಯ ಬಾಳಪ್ಪ ಕಾಕಾನನ್ನೂ ಕರೆತಂದಿದ್ದರು. ಕಾಕಾ ಮಿಲಿಟರಿಯಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದವರು.

ಕಾಕಾ ಭೂತಕನ್ನಡಿ ಹಿಡಿದು ಮೇಲಿಂದ ಕೆಳಗೆ ನೋಡಿದರು. "ಪಟ್ಟಿ ಸುತ್ತಿ ಬಡದು ಮಾಡಿದ ನಳಿಗಿ, ತೆರಿ ತೆರಿ ಕಾಣತೈತಿ ನೋಡ್ರಿ. ಆದರ ಇಷ್ಟಕ್ಕ ಖರೆ ಮಾಲು ಅನ್ನಾಕ ಬರೂದಿಲ್ಲ. ಕೀಲಿನ್ಯಾಗ ಮಡಿಚಿ ನಳಿಗಿ ಕೆಳಗಿನ ಕಂಪನಿ ಮುದ್ರಿ ನೋಡಬೇಕು."

ಅತ್ತೆಗೆ ಸಿಟ್ಟು ಬಂತು. "ಮಡಿಚೂದು ಅಂದ್ರ ಮುರದಂಗ ಆತು! ಭಿನ್ನ ಆದ ಆಯುಧ ಪೂಜಿಗೆ ಬರೂದಿಲ್ರಿ. ನಮ್ಮ ಮನಿಯವರು ಹೋದಾಗಿಂದ ಯಾರಿಗೂ ಮಡಿಚಾಕ ಬಿಟ್ಟಿಲ್ಲ."

ಕಾಕಾನ ಮುಖವೇ ಬದಲಾಯಿತು. ಬಂದೂಕಿನ ಬಾಯಿಯನ್ನು ಮೆಲ್ಲಗೆ ಖಾಲಿ ಗೋಡೆಯ ಕಡೆ ತಿರುಗಿಸಿದರು. "ಕೂಸಿನ ಮೊದಲ ಈ ಕಡೆ ಕರಕೊಳ್ರಿ" ಎಂದರು. ನನ್ನ ಮಗಳು ಸೃಷ್ಟಿ ಅಷ್ಟೊತ್ತು ಎದುರಿಗೇ ಕುಳಿತು ನಳಿಗೆಯೊಳಗೆ ಇಣುಕುತ್ತಿದ್ದಳು.

ನನಗೆ ನಗು ಬಂತು. "ಕಾಕಾ, ಅದು ಖಾಲಿ ಐತ್ರಿ" ಅಂದೆ.

"ನೀ ತೆಗದು ನೋಡಿಯೇನ ತಂಗಿ?"

ನಾನು ಸೃಷ್ಟಿಯನ್ನು ನನ್ನ ಬದಿಗೆ ಕರೆದುಕೊಂಡೆ. ಕಾಕಾ ಅತ್ತೆಯ ಕಡೆ ತಿರುಗಿದರು. "ಅಕ್ಕಾರ, ಮಾಡಿದವನ ಇದನ್ನ ಮಡಿಚಾಕಂತ ಮಾಡ್ಯಾನ. ಹೆಂಗ ಇತ್ತೋ ಹಂಗ ಕೂಡಸ್ತೇನಿ. ಕೂಡಲಿಲ್ಲ ಅಂದ್ರ ನನ್ನ ಮನಸಾರೆ ಬೈರಿ."

ಬೈಯುವ ಅವಕಾಶ ಸಿಕ್ಕಿತೆಂದೋ ಏನೋ ಅತ್ತೆ ಒಪ್ಪಿದರು. ಎಣ್ಣೆಯ ಜಿಡ್ಡಿಗೆ ಕೀಲು ಬಿಗಿದುಹೋಗಿತ್ತು. ಕಾಕಾ ಸೀಮೆಎಣ್ಣೆ ಹನಿಸಿ, ಕಾದು, ಹಗುರವಾಗಿ ಒತ್ತಿದರು. ಬಂದೂಕು ಬಾಗಿ ತೆರೆಯಿತು. ಎಡಗಡೆ ನಳಿಗೆಯಲ್ಲಿ ಹಸಿರುಗಟ್ಟಿದ ಒಂದು ಗುಂಡಿನ ತೋಟಾ ಕುಳಿತಿತ್ತು. ಹಾರದೇ ಉಳಿದ ತೋಟಾ.

ಅತ್ತೆ ಕಂಬಕ್ಕೆ ಒರಗಿ ಕುಳಿತರು. "ಅವತ್ತ ನಮ್ಮ ಮನಿಯವರು ಹಂದಿ ಬಂದಾವಂತ ತುಂಬಕೊಂಡಿದ್ರು... ಹೊಲಕ್ಕ ಹೋಗೂದ್ರಾಗ ಎದಿ ಹಿಡಕೊಂಡು ಕುಂತ್ರು" ಎಂದಷ್ಟೇ ಹೇಳಿದರು. ಆ ಗದ್ದಲದಲ್ಲಿ ಅದನ್ನು ಖಾಲಿ ಮಾಡಬೇಕೆಂಬುದು ಯಾರಿಗೆ ನೆನಪಾದೀತು? ಎಣ್ಣೆ ಸವರುವಾಗ ಸೃಷ್ಟಿ ಅದರ ಗುಂಡು ಹಾರಿಸುವ ಕುದುರೆ ಎಳೆದು ಬಿಟ್ಟು ಆಡಲು ಹವಣಿಸುತ್ತಿದ್ದದ್ದು ನೆನಪಾಗಿ ನಾನು ಅವಳ ಎರಡೂ ಕೈ ಹಿಡಿದುಕೊಂಡೆ.

ಕಾಕಾ ತೋಟಾ ಹೊರತೆಗೆದು, ಠಾಣೆಗೆ ಒಪ್ಪಿಸಿರೆಂದು ಯಜಮಾನರ ಕೈಗಿಟ್ಟು, ನೀರು ಕೇಳಿದರು. ಚೊಂಬಿನ ನೀರು ಒಂದೇ ಸಲಕ್ಕೆ ಕುಡಿದು ಕೆಳಗಿಟ್ಟರು. "ಭಾಳ ಬಂದೂಕ ನೋಡೇನಿ. ಅದರ ಬಾಯಿಗೆ ಹಣಿ ಹಚ್ಚೂ ಮನಿ ನೋಡಿದ್ದಿಲ್ಲವ್ವಾ" ಎಂದರು.

ಆಮೇಲೆ ಜಿಡ್ಡು ಒರೆಸಿ ಮುದ್ರೆ ಓದಿ, "ಖರೆ ಐತ್ರಿ ಸಾವಕಾರ್ರ, ವಿಲಾಯತಿ ಮಾಲ" ಎಂದರು. ಸಾವಕಾರರು ಹಿರಿಹಿರಿ ಹಿಗ್ಗಿದರು. ನಮ್ಮಾರ ಕಿವಿಗೂ ಅದು ಬೀಳಲಿಲ್ಲ. ಕಾಗದಪತ್ರ ಕಾಯ್ದೆಪ್ರಕಾರ ಆದ ಮೇಲೆ ಅತ್ತೆಯೇ, "ಒಯ್ರಿ, ನನ್ನ ಕಣ್ಣಿಗೆ ಬ್ಯಾಡ" ಎಂದು ಬಂದೂಕನ್ನು ಕಳಿಸಿಕೊಟ್ಟರು.

ಅದು ಅಪರೂಪದ್ದೆಂದು ಸಾವಕಾರರು ಈಗಲೂ ಸಿಕ್ಕಲ್ಲೆಲ್ಲ ಹೇಳುತ್ತಾರೆ, ಇರಬಹುದು. ಸೃಷ್ಟಿ ಈಗ ಹೈಸ್ಕೂಲಿಗೆ ಹೋಗುತ್ತಾಳೆ, ಕನ್ನಡಿ ಮುಂದೆ ಗಂಟೆಗಟ್ಟಲೆ ನಿಂತು ನನ್ನ ಕೈಲಿ ಬೈಸಿಕೊಳ್ಳುತ್ತಾಳೆ. ಬೈಯುತ್ತಾ ಬೈಯುತ್ತಾ ಒಮ್ಮೊಮ್ಮೆ ಅವಳ ಹಣೆ ಸವರುತ್ತೇನೆ. ಬೈಯಲು ಮಗಳನ್ನು ಉಳಿಸಿಕೊಟ್ಟ ಬಾಳಪ್ಪ ಕಾಕಾ ತಣ್ಣಗಿರಲಿ.