ಯಾರೂ ಮುಟ್ಟದ ತಂತಿಗಳು

ಸತ್ತವರ ಸುಳಿವಿನ ಕಥೆ ಯಾರಾದರೂ ತೆಗೆದರೆ ನಾನು ಮೆಲ್ಲಗೆ ಎದ್ದು ಹೋಗುತ್ತಿದ್ದೆ. ನಮ್ಮ ಅಜ್ಜಿ ಹೇಳುತ್ತಿದ್ದ ಅಂಥ ಕಥೆಗಳನ್ನು ಮಾತ್ರ ಅವಳ ಮಾತಿನ ರುಚಿಗಾಗಿ ಕೇಳಿದೆನೇ ಹೊರತು ನಂಬಿರಲಿಲ್ಲ. ಈಗ ನಂಬುತ್ತೇನೆಂದೂ ಹೇಳಲಾರೆ. ಇಳಕಲ್ಲಿನ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಆದದ್ದನ್ನು ಆದಹಾಗೆ ಹೇಳುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಎಂಬತ್ತರ ದಶಕದ ಸುರುವಾತ. ನಾನು ಬಾದಾಮಿಯಲ್ಲಿ ಹೈಸ್ಕೂಲ್ ಮಾಸ್ತರ. ಗುಹೆ ನೋಡಲು ಬಂದ ನಾರ್ವೆ ದೇಶದ ತರುಣನೊಬ್ಬ ನಮ್ಮ ಓಣಿಯಲ್ಲಿ ಜ್ವರ ಹಿಡಿದು ಮಲಗಿದ. ದವಾಖಾನೆಗೆ ಕರೆದೊಯ್ದೆ, ನಾಲ್ಕು ದಿನ ಗಂಜಿ ಕುಡಿಸಿದೆ. ಹೋಗುವಾಗ ಅವನು ಒಂದು ಕ್ಯಾಸೆಟ್ ಕೊಟ್ಟ. ಅವನ ಊರಿನ ಹುಡುಗರು ಕೂಡಿ ಕಟ್ಟಿದ ರಾಕ್ ಸಂಗೀತ. ಒಂದು ಬದಿಗೆ ಒಂದೇ ಹಾಡು, ಇಪ್ಪತ್ತು ನಿಮಿಷದ್ದು. ಗಿಟಾರು, ಡ್ರಮ್ಮು, ಮಲಪ್ರಭೆಗೆ ಹೊಸ ನೀರು ಬಂದಂತೆ ತುಂಬಿ ಬರುವ ಆರ್ಗನ್ನು. ಒಮ್ಮೆಲೆ ಅದೆಲ್ಲ ಸುಮ್ಮನಾಗಿ ಒಂದು ಕೊಳಲು; ಗುಡ್ಡದ ಮೇಲಿಂದ ಆಕಳುಗಳನ್ನು ಮನೆಗೆ ಕರೆಯುವ ಹೆಂಗಸರ ಹಳೆಯ ಕೂಗು; ಆಮೇಲೆ ಅವರ ಹಳ್ಳಿಗಳ ಪಿಟೀಲು. ಆ ಪಿಟೀಲಿನಲ್ಲಿ ಬಾರಿಸುವ ತಂತಿಗಳ ಕೆಳಗೆ ಇನ್ನೊಂದು ಸಾಲು ತಂತಿಗಳಿರುತ್ತವೆ ಎಂದಿದ್ದ ಅವನು. ಅವನ್ನು ಯಾರೂ ಮುಟ್ಟುವುದಿಲ್ಲ. ಮೇಲಿನವು ನುಡಿದರೆ ತಾವೇ ಮಿಡಿಯುತ್ತವೆ.

ಮೊದಲು ಬರೀ ಗದ್ದಲ ಎನಿಸಿತು. ಒಬ್ಬನೇ ಇರುವ ಕೋಣೆ, ಕೇಳುತ್ತ ಕೇಳುತ್ತ ಬಾಯಿಪಾಠವಾಯಿತು. ದೀಪಾವಳಿಗೆ ಟೇಪ್‌ರೆಕಾರ್ಡರ್ ಸಮೇತ ಊರಿಗೆ ಒಯ್ದೆ.

ನಮ್ಮದು ಮಗ್ಗದ ಮನೆ. ಇಳಕಲ್ ಸೀರೆಯ ಮೈಯ ನೂಲು ಬೇರೆ, ಸೆರಗಿನ ಕೆಂಪು ರೇಷ್ಮೆ ಬೇರೆ. ಪ್ರತಿ ಸೀರೆಗೂ ಎರಡನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯುವುದು. ನೇಯುವವಳು ಅವ್ವ, ಕೊಂಡಿ ಹಾಕುವವಳು ನನ್ನ ತಂಗಿ ನೀಲವ್ವ. ಆ ಕೆಲಸಕ್ಕೆ ಕೂತಳೆಂದರೆ ಅವಳು ಒಂದು ರಾಗ ಗುನುಗುತ್ತಿದ್ದಳು. ಮಾತಿಲ್ಲದ್ದು, ಯಾರೂ ಕಲಿಸದ್ದು, ಸಣ್ಣವಳಿದ್ದಾಗಿನಿಂದ ಅವಳದೇ. ನಡುವೆ ಒಂದು ಕಡೆ ಥಟ್ಟನೆ ನಿಲ್ಲುತ್ತಿತ್ತು, ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಳ್ಳುವಷ್ಟು ಹೊತ್ತು.

ಕ್ಯಾಸೆಟ್ ಕೇಳಿ ಅವಳು ನಕ್ಕಳು. "ಅಣ್ಣಾ, ಪಿಟೀಲು ಭಾಳ ಅಳಾಕತ್ತೈತಿ. ಯಾರರ ಅದರ ಕೈಯಾಗ ಒಂದು ಉಂಡಿ ಕೊಡ್ರಿ." ಕೆಳಗಿನ ತಂತಿಗಳ ವಿಷಯ ಹೇಳಿದೆ. "ಹಂಗಾರ ನಾನೂ ಕೆಳಗಿನ ತಂತೀನ. ಅವ್ವನ ಮಗ್ಗ ನುಡದರ ನಾ ಗುನಗತೇನಿ."

ಅವಳ ರಾಗವನ್ನೂ ಟೇಪ್ ಮಾಡಿಕೊಳ್ಳುತ್ತೇನೆಂದೆ. "ಯುಗಾದಿಗೆ ಬರ್ತೀಯಲ್ಲ, ಆವಾಗ ಮಾಡ್ಕೋ. ಈಗ ಗಂಟಲಾ ಕೆಟ್ಟೈತಿ," ಎಂದಳು. ನನ್ನ ಹತ್ತಿರ ಖಾಲಿ ಕ್ಯಾಸೆಟ್ಟೂ ಇರಲಿಲ್ಲ. ಬಿಟ್ಟೆ.

ಯುಗಾದಿಗೆ ಮೊದಲೇ ಕಾಮಣಿಯಾಗಿ, ಮೈ ಕಣ್ಣು ಹಳದಿ ತಿರುಗಿ, ಎಂಟು ದಿನದಲ್ಲಿ ಹೋಗಿಬಿಟ್ಟಳು.

ಅವಳು ಅರ್ಧ ಕೊಂಡಿ ಹಾಕಿದ ಎಳೆಗಳು ಮಗ್ಗದ ಮೇಲೆ ಹಾಗೇ ಉಳಿದವು. ಅವ್ವ ಅವನ್ನು ಬೇರೆಯವರಿಗೆ ಮುಟ್ಟಗೊಡಲಿಲ್ಲ, ಕತ್ತರಿಸಗೊಡಲಿಲ್ಲ. ದಿನವಿಡೀ ಮಗ್ಗದ ಮುಂದೆ ಕೂತು ಆ ರಾಗ ನೆನೆಸಿಕೊಳ್ಳಲು ನೋಡುತ್ತಿದ್ದಳು. ಎರಡು ಸ್ವರ ಬಂದು ಮುಂದಿನದು ಸಿಗುತ್ತಿರಲಿಲ್ಲ. ನನಗೂ ಬರಲಿಲ್ಲ. "ಆಕಿ ಹಚ್ಚಿದ್ದು ಆಕೀ ರಾಗದಾಗನ ಮುಗೀಬೇಕೋ," ಎನ್ನುವಳು. ಊಟ ಬಿಟ್ಟಂತೆಯೇ ಆಗಿತ್ತು. ಒಂದು ತಿಂಗಳಲ್ಲಿ ರವಿಕೆ ಮೈಮೇಲೆ ನಿಲ್ಲದಷ್ಟು ಸೊರಗಿದ್ದಳು.

ರಜೆಗೆ ಬಂದ ನನ್ನ ಕೈಯಲ್ಲಿ ಟೇಪ್‌ರೆಕಾರ್ಡರ್ ನೋಡಿ ಕೇಳಿದಳು: "ನಿನ್ನ ಪೆಟಗ್ಯಾಗ ಎಲ್ಲೆಲ್ಲೀ ದೇಶದ ಹಾಡ ಅದಾವು. ನಿನ್ನ ತಂಗೀದು ಒಂದು ಇಲ್ಲೇನೋ?"

ಒಳಗೆ ನಾರ್ವೆಯ ಕ್ಯಾಸೆಟ್ಟೇ ಇತ್ತು, ಏನು ಮಾಡುತ್ತಿದ್ದೇನೆಂದು ತಿಳಿಯದೆ ಗುಂಡಿ ಒತ್ತಿದೆ. ಆರ್ಗನ್ನು ಎದ್ದಿತು, ಇಳಿಯಿತು. ಕೊಳಲು ಬಂತು, ಕೂಗು ಬಂತು, ಪಿಟೀಲು ಬಂತು. ಪಿಟೀಲು ನನಗೆ ಗೊತ್ತಿದ್ದದ್ದನ್ನೇ ನುಡಿಸುತ್ತಿತ್ತು. ಅದರ ಕೆಳಗಿನಿಂದ, ಸಣ್ಣಗೆ, ಬೇರೊಂದು ದನಿ ಎದ್ದಿತು. ನೀಲವ್ವನ ರಾಗ. ಒಂದು ಸ್ವರವೂ ಆಚೀಚೆ ಇಲ್ಲ. ನಡುವೆ ಥಟ್ಟನೆ ನಿಂತಿತು. ನಿಂತದ್ದೇ ಅವ್ವನ ಬೆರಳು ಬೂದಿಯ ಬಟ್ಟಲಿಗೆ ಹೋಯಿತು.

ರಾಗ ಮುಂದುವರಿಯಿತು, ಅವ್ವನ ಬೆರಳುಗಳು ನೀಲವ್ವ ಬಿಟ್ಟಲ್ಲಿಂದ ಕೊಂಡಿ ಹಾಕತೊಡಗಿದವು. ಎರಡು ನಿಮಿಷಕ್ಕೆ ಮುಗಿಯಬೇಕಾದ ಪಿಟೀಲು ಅಂದು ಮುಗಿಯಲೇ ಇಲ್ಲ. ಬಾಗಿಲ ಬಿಸಿಲು ಮಗ್ಗದ ಮೇಲಿಂದ ಇಳಿದು ಹೊಸ್ತಿಲಿಗೆ ಹೋಯಿತು. ಕೊನೆಯ ಕೊಂಡಿ ಬಿದ್ದಾಗ ಟೇಪು ಟಕ್ಕೆಂದು ನಿಂತಿತು.

ಮತ್ತೆ ಹಾಕಲೆಂದು ಕೈ ಚಾಚಿದೆ. ಅವ್ವ ಹಿಡಿದಳು. "ಬ್ಯಾಡ. ಆಕಿ ದಣದಾಳ." ಬೆರಳಿನ ಬೂದಿ ಒರೆಸಿಕೊಂಡು, "ರೊಟ್ಟಿ ಐತೇನೋ?" ಎಂದಳು.

ಬಾದಾಮಿಗೆ ಮರಳಿ ಕ್ಯಾಸೆಟ್ ಹಾಕಿದೆ. ಪಿಟೀಲು ಎರಡು ನಿಮಿಷ ನುಡಿದು ಮುಗಿಯಿತು. ಕೆಳಗೆ ಏನೂ ಇರಲಿಲ್ಲ. ಪಿಟೀಲಿನ ಕೆಳಗೆ ಬೇರೆ ರಾಗವೇನಾದರೂ ಇದೆಯೇ ಎಂದು ನಾರ್ವೆಯ ಗೆಳೆಯನಿಗೆ ಬರೆದು ಕೇಳಿದೆ. ಅಂಥ ರಾಗ ಆ ಹಾಡಿನಲ್ಲಿ ಇಲ್ಲವೆಂದು ಅವನು ಉತ್ತರ ಬರೆದ. ಅಳುವ ಇಬ್ಬರು ಒಟ್ಟಿಗೆ ಭ್ರಮೆಗೊಳ್ಳಬಹುದು, ಒಪ್ಪುತ್ತೇನೆ. ಆದರೆ ನಮ್ಮಿಬ್ಬರಿಗೂ ನೆನಪಿಗೇ ಬಾರದ ರಾಗವನ್ನು ಭ್ರಮೆ ಎಲ್ಲಿಂದ ತಂದಿತು?

ಅವ್ವ ಆ ಸೀರೆ ನೇಯ್ದು ಮುಗಿಸಿದಳು. ಕೆಲವು ವರ್ಷಗಳ ಮೇಲೆ ಅದನ್ನೇ ಉಡಿಸಿ ಅವಳನ್ನು ಮಣ್ಣಿಗೆ ಕಳಿಸಿದೆವು. ಕ್ಯಾಸೆಟ್ ನನ್ನ ಹತ್ತಿರವೇ ಇದೆ, ಈಗಲೂ ಕೇಳುತ್ತೇನೆ. ಆ ಮಧ್ಯಾಹ್ನ ಅಷ್ಟು ಹೊತ್ತು ಕೇಳಿದ ರಾಗದ್ದು ಮರುದಿನ ಬೆಳಿಗ್ಗೆ ನನಗೆ ಒಂದು ಸ್ವರವೂ ನೆನಪಿರಲಿಲ್ಲ. ಇಂದಿಗೂ ಇಲ್ಲ. ನೆನಪಿರುವುದು ಅದು ನಿಲ್ಲುತ್ತಿದ್ದ ಜಾಗ ಮಾತ್ರ.