ಅವ್ವನ ಭುಜಕ್ಕೆ ನನ್ನ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಎಕಂಬಾದ ಕಡೆ ಅಂಥವರ ಕಾಲು ತಾಗಿದರೆ ಉಳುಕು ಹೋಗುತ್ತದೆ ಎಂಬ ನಂಬಿಕೆ. ಹೀಗಾಗಿ ಹೈಸ್ಕೂಲಿಗೆ ಬರುವಷ್ಟರಲ್ಲೇ ನಾನು ಅರ್ಧ ಡಾಕ್ಟರು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದರೆ ಚಿಂತಾಕಿಯಿಂದ ಯಾರೋ ಸೊಂಟ ಹಿಡಿದುಕೊಂಡು ಬಂದು ಅಂಗಳದಲ್ಲಿ ಬೋರಲಾಗಿ ಮಲಗಿರುತ್ತಿದ್ದರು. ಕಾಲು ಮುಟ್ಟಿಸಬೇಕು, ಹಿರಿಯರಿಗೆ ಕಾಲು ತಾಗಿಸಿದ ತಪ್ಪಿಗೆ ಆಮೇಲೆ ನಾನೇ ನಮಸ್ಕಾರ ಮಾಡಬೇಕು. ಹುಟ್ಟುವಾಗ ಅವ್ವನನ್ನು ಗೋಳು ಹೊಯ್ದುಕೊಂಡದ್ದಕ್ಕೆ ಸಿಕ್ಕ ಉದ್ಯೋಗ ಅದು.

ಬರದ ವರ್ಷಗಳವು. ಊರಲ್ಲಿ ಕೂಲಿ ಇರಲಿಲ್ಲ. ದೀಪಾವಳಿ ಮುಗಿದರೆ ಸಾಕು, ಜನ ಲಾರಿ ಹತ್ತಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತಿದ್ದರು. ಗುಂಪಿಗೆ ಗಂಡ ಹೆಂಡತಿಯನ್ನು ಜೋಡಿಯಾಗಿಯೇ ಸೇರಿಸಿಕೊಳ್ಳುತ್ತಿದ್ದರು. ಗಂಡ ಕಡಿಯಬೇಕು, ಹೆಂಡತಿ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಲಾರಿಗೆ ಏರಿಸಬೇಕು. ಅಂಥ ಒಂದು ಸುಗ್ಗಿಯಲ್ಲಿ ಲಾರಿಯ ಹಲಗೆ ಹತ್ತುವಾಗ ಹೊರೆ ಜಾರಿತ್ತು. ಅದನ್ನು ಬಿಡದೆ ಹಿಡಿದುಕೊಂಡದ್ದಕ್ಕೆ ಅವ್ವನ ಬಲಭುಜ ಕೆಟ್ಟಿತು. ತಲೆ ಬಾಚಿಕೊಳ್ಳಲೂ ಕೈ ಏಳದು. ಕೈ ಏಳದಿದ್ದರೆ ಜೋಡಿ ಮುರಿಯುತ್ತದೆ, ಅಪ್ಪನಿಗೂ ಕೆಲಸವಿಲ್ಲ. ಮನೆಯವರೆಲ್ಲರ ಕಣ್ಣು ಆ ಭುಜದ ಮೇಲೆ.

ಅವ್ವ ಮೊದಲು ಬಂದದ್ದು ನನ್ನ ಕಾಲಿನ ಹತ್ತಿರ. ಊರಿಗೆಲ್ಲ ಕಾಲು ತಾಗಿಸಿದವಳಿಗೆ ಅವಳ ಮುಂದೆ ಕಾಲು ಮೇಲೇಳಲಿಲ್ಲ. ಅತ್ತು, ಬೈಸಿಕೊಂಡು, ಕೊನೆಗೆ ಹೆಬ್ಬೆರಳು ಮುಟ್ಟಿಸಿದೆ. ಏನೂ ಗುಣ ಕಾಣಲಿಲ್ಲ. ಔರಾದಿನ ಡಾಕ್ಟರು ಬೀದರಿಗೆ ಹೋಗಿ ಫಿಸಿಯೋಥೆರಪಿ ಮಾಡಿಸಿ ಅಂದರು. ಬಸ್ಸಿನಲ್ಲಿ ನಾನೇ ಕರೆದುಕೊಂಡು ಹೋದೆ.

ಬೀದರಿನ ದವಾಖಾನೆಯಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದವರು ಒಬ್ಬ ಹೆಂಗಸು. ಭುಜಕ್ಕೆ ಶಾಖ ಕೊಟ್ಟು, ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈ ಮೇಲೇರಿಸುವುದನ್ನು ಕಲಿಸಿದರು. ಮನೆಯಲ್ಲೂ ದಿನಾ ಮಾಡಬೇಕು ಎಂದರು. ಅವ್ವನಿಗೆ ಇದೊಂದು ಔಷಧ ಅನ್ನಿಸಲೇ ಇಲ್ಲ. ಗೋಡೆ ಕೆರೆಯುವುದಕ್ಕೆ ಬೀದರಿನ ತನಕ ಬರಬೇಕೇ ಎಂದು ನನ್ನ ಕಿವಿಯಲ್ಲಿ ಗೊಣಗಿದಳು. ಊರಿಗೆ ಬಂದು ಒಂದು ಸಲ ಮಾಡಿದಳು. ಮನೆಗೆ ಸುಣ್ಣ ಹಚ್ಚುತ್ತಿದ್ದೀಯಾ ಎಂದು ನೆರೆಯವಳು ನಕ್ಕದ್ದೇ ನೆಪವಾಗಿ ಬಿಟ್ಟುಬಿಟ್ಟಳು.

ಮತ್ತೆ ಬೀದರಿಗೆ ಹೋದಾಗ ಭುಜ ಇನ್ನಷ್ಟು ಬಿಗಿದಿತ್ತು. ನನಗೆ ರೇಗಿಹೋಯಿತು. ಇವಳಿಗೆ ನಿಮ್ಮ ಗೋಡೆಗಿಂತ ನನ್ನ ಕಾಲಿನ ಮೇಲೇ ನಂಬಿಕೆ ಎಂದು ಇದ್ದದ್ದೆಲ್ಲ ಆ ಹೆಂಗಸಿಗೆ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ಟೂಲು ಎಳೆದುಕೊಂಡು ಅವ್ವನ ಪಕ್ಕ ಕೂತರು.

“ಮಗಳ ಕಾಲು ಮುಟ್ಟಿಸ್ಕೋರಿ, ನಾ ಬ್ಯಾಡ ಅನ್ನಂಗಿಲ್ಲ. ಜೋರಾಗಿ ಒದಿಸ್ಕೋಬ್ಯಾಡ್ರಿ, ಅಷ್ಟ. ಆದ್ರ ಕಾಲು ಮುಟ್ಟಿದ ಕೂಡ್ಲೇ ಗೋಡಿ ಹಿಡೀಬೇಕು ನೋಡ್ರಿ, ತಡಾ ಮಾಡಬಾರದು.”

ಅವ್ವನಿಗೆ ಈ ಮಾತು ಒಪ್ಪಿಗೆಯಾಯಿತು. ಮರುದಿನದಿಂದ ಬೆಳಿಗ್ಗೆ ಎದ್ದು ನಾನು ಹೆಬ್ಬೆರಳು ತಾಗಿಸುವುದು, ನಮಸ್ಕಾರ ಮಾಡುವುದು, ಅವಳು ಸೆರಗು ಕಚ್ಚಿಕೊಂಡು ಗೋಡೆಗೆ ನಿಲ್ಲುವುದು. ನೋವಿಗೆ ಅವಳ ಕಣ್ಣಲ್ಲಿ ನೀರು ಬಂದರೆ ನನಗೂ ಬರುತ್ತಿತ್ತು. ಬೆರಳು ದೀಪದ ಗೂಡು ದಾಟಿದ ದಿನ ನಾನು ಓಣಿಯೆಲ್ಲ ಸುತ್ತಿ ಹೇಳಿಬಂದೆ. ಅವಳನ್ನು ಅಷ್ಟು ದಿನ ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ.

ದೀಪಾವಳಿ ಮುಗಿದು ಲಾರಿ ಬಂತು. ಕೂಲಿಯವರನ್ನು ಆರಿಸಿ ಕರೆದೊಯ್ಯುವ ಗುಂಪಿನ ಮುಕಾದಮ ಅವ್ವನಿಗೆ ಕೈ ಎತ್ತಿ ತೋರಿಸು ಎಂದ. ಅವ್ವ ಎತ್ತಿದಳು, ತೋಳು ಕಿವಿಗೆ ತಾಗುವ ಹಾಗೆ. ಅಪ್ಪ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಕೈ ಸರಿಹೋದರೆ ಅವ್ವ ನನ್ನನ್ನು ಊರಲ್ಲಿ ಬಿಟ್ಟು ಹೋಗುತ್ತಾಳೆ ಎಂಬುದು ಗೊತ್ತಿತ್ತು, ಅಲ್ಲಿಯವರೆಗೆ ಮನಸ್ಸಿಗೆ ತಟ್ಟಿರಲಿಲ್ಲ. ಅವಳ ಸೆರಗು ಜಗ್ಗಿ, ಇನ್ನೂ ನೋವಿದೆ ಎಂದು ಹೇಳಿಬಿಡು ಅಂತ ಪಿಸುಗುಟ್ಟಿದೆ.

“ನೋವು ಎಲ್ಲಿ ಹೋಗ್ಯದ ಮಗಳ,” ಅಂದಳು ಅವ್ವ. “ಕೈ ಏಳ್ತದ, ಅಷ್ಟ.”

ಬಲಗೈಯಿಂದಲೇ ಸರಳು ಹಿಡಿದು ಲಾರಿ ಹತ್ತಿದಳು.